ವೈನಿನೊಳಗೆ ಸಿಕ್ಕ ಕಂಬಳಿ

ಅಪ್ಪಾ,

ನೀನು ಹೈದರಾಬಾದಿನ ನನ್ನ ಲ್ಯಾಬಿಗೆ ಬಂದ ದಿನ ನೆನಪಿದೆಯಾ? ಕಂಬಳಿಯನ್ನು ಊರಲ್ಲೇ ಬಿಟ್ಟು, ಕುರಿ ವಾಸನೆ ಬಾರದಿರಲೆಂದು ಜಹೀರಾಬಾದಿನ ಬಜಾರಿನಲ್ಲಿ ಅತ್ತರು ಕೊಂಡು ಮೈತುಂಬ ಬಳಿದುಕೊಂಡು ಬಂದಿದ್ದೆ. ವೈನನ್ನು ಮೂಸಿ ವಾಸನೆ ಗುರುತಿಸುವ ಕೋಣೆ ಅದು! ಅಂದಿನ ಕೆಲಸವೆಲ್ಲ ಕೆಟ್ಟಿತು. ಎಲ್ಲರ ಮುಂದೆ ನಾನು ಸಿಡುಕಿದೆ: "ಯಾರ್ ಹೇಳ್ಯಾರ ನಿನಗ ಇದು ಹಚ್ಕೊಂಡ್ ಬರಾಕ?"

"ತಪ್ಪಾತವ್ವಾ. ನಿನಗ ನಾಚ್ಕಿ ಆಗಬಾರ್ದಂತ..." ಅಂದೆ ನೀನು. ಹಾಸ್ಟೆಲಿನಲ್ಲಿದ್ದಾಗ "ಕಂಬಳಿ ಹೊದ್ಕೊಂಡ್ ಬರಬ್ಯಾಡ" ಎಂದವಳು ನಾನೇ ಅಲ್ಲವೇ? ಲ್ಯಾಬಿಗೆ ಬಂದ ಆ ಬೇಸಿಗೆಯಲ್ಲೇ ನೀನು ತೀರಿಹೋದೆ. ತಪ್ಪೊಪ್ಪಿಕೊಳ್ಳುವುದು ಹಾಗೇ ಉಳಿಯಿತು.

ಬೈಸಿಕೊಂಡರೂ ಯಂತ್ರದ ಮುಂದೆ ನಿಂತು ಎಲ್ಲ ಕೇಳಿದೆಯಲ್ಲ, ಮಹಾರಾಯ! ವೈನಿನ ಆವಿ ಕೂದಲೆಳೆಯಂಥ ಉದ್ದನೆಯ ನಳಿಗೆಯೊಳಗೆ ಹಾಯುತ್ತದೆ, ಒಂದೊಂದು ವಾಸನೆ ಒಂದೊಂದು ಹೊತ್ತಿಗೆ ಹೊರಬರುತ್ತದೆ, ಪರದೆಯ ಮೇಲೆ ಗುಡ್ಡದಂಥ ಗೆರೆ ಏಳುತ್ತದೆ, ತುದಿಯಲ್ಲಿ ಮೂಗಿಟ್ಟು ನಾನು ಹೆಸರು ಹೇಳಬೇಕು ಎಂದು ವಿವರಿಸಿದೆ.

"ಹಂಗಂದ್ರ ದಡ್ಡಿ ಬಾಗಿಲ್ದಾಗ ಒಂದೊಂದ ಕುರಿ ಬಿಟ್ಟು ಎಣಿಸಿದಂಗ! ಸಣ್ಣ ಮರಿ ತಪ್ಪಿಸ್ಕೋತದ, ನೋಡ್ಕೋ" ಅಂದೆ ನೀನು.

ಇಷ್ಟು ಚೆನ್ನಾಗಿ ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಹೋದ ತಿಂಗಳು ಒಂದು ವೈನ್ ಬಂತು. ಕುಡಿದವರು ಮುಖ ಸಿಂಡರಿಸುತ್ತಿದ್ದರು, ಕಾರಣ ತಿಳಿಯದು. ದೊಡ್ಡ ಗುಡ್ಡಗಳೆಲ್ಲ ಸರಿಯಾಗಿದ್ದವು. "ಏನೂ ಇಲ್ಲ, ರಿಪೋರ್ಟ್ ಬರೆದುಬಿಡಿ" ಎಂದರು ನಮ್ಮ ಲ್ಯಾಬಿನ ಮೇಡಂ. ನಿನ್ನ ಸಣ್ಣ ಮರಿ ನೆನಪಾಗಿ ಮತ್ತೊಮ್ಮೆ ಮೂಗಿಟ್ಟು ಕುಳಿತೆ. ಗೆರೆ ಅಲುಗಿತೋ ಇಲ್ಲವೋ ಎಂಬಲ್ಲಿ, ರಪ್ಪನೆ... ಮಳೆಗೆ ನೆನೆದ ನಿನ್ನ ಕಂಬಳಿ! ಕುರಿದಡ್ಡಿ! ಅಳು ಬಂದುಬಿಟ್ಟಿತು. ಹೆಸರು ಗೊತ್ತಿರುವ ವಾಸನೆಗಳ ಜೊತೆ ಹೋಲಿಸಿ ನೋಡಿದೆವು. ಎಥೈಲ್ ಫೀನಾಲ್ ಅಂತೆ ಅದರ ಹೆಸರು, ಪೀಪಾಯಿಗೆ ಹೊಕ್ಕ ಒಂದು ಬಗೆಯ ಯೀಸ್ಟಿನ ಕೆಲಸ. ಕೆಟ್ಟದ್ದು ಒಂದೇ ಪೀಪಾಯಿ, ಉಳಿದ ವೈನ್ ಉಳಿಯಿತು.

"ಹೇಗೆ ಗೊತ್ತಾಯ್ತು ನಿಮಗೆ?" ಎಂದು ಮೇಡಂ ಕೇಳಿದರು. ಅಂದು ನಿನ್ನನ್ನು ಬೈದದ್ದನ್ನು ಕೇಳಿದವರೆಲ್ಲ ಅಲ್ಲೇ ಇದ್ದರು. ನಮ್ಮೂರ ಮಾತಲ್ಲೇ ಹೇಳಿದೆ: "ನಮ್ಮಪ್ಪ ಕುರಿ ಕಾಯ್ತಿದ್ದರಿ. ಅವರ ಕಂಬಳ್ಯಾಗ ಮಲಗಿ ಬೆಳೆದಾಕಿ ನಾ."

ಈ ಮೂಗು ನೀನು ಕೊಟ್ಟದ್ದು, ಅಪ್ಪಾ. ನಾನು ಉಣ್ಣುವ ಅನ್ನವೂ.

ಹೋದ ವಾರ ನಮ್ಮೂರು ಝರಾಸಂಗಕ್ಕೆ ಹೋದಾಗ ಅವ್ವ ನಿನ್ನ ಕಂಬಳಿಯನ್ನು ಒಗೆಯಲು ತೆಗೆದಿದ್ದಳು. ಕೈಯಿಂದ ಕಸಿದುಕೊಂಡೆ. ಜಹೀರಾಬಾದಿನಲ್ಲಿ ಬಸ್ಸು ಹತ್ತಿದವಳು ಹೈದರಾಬಾದು ಬರುವವರೆಗೂ ಅದನ್ನು ಹೊದ್ದುಕೊಂಡೇ ಕೂತಿದ್ದೆ.

ನಿನ್ನ ಮಲ್ಲಮ್ಮ