ಕೋರ್ಟಿನಲ್ಲಿ ನಾನು ಹೇಳಿದ್ದು

ಹೊಳೆನರಸೀಪುರ
10 ಸೆಪ್ಟೆಂಬರ್ 2025

ಚಿರಂಜೀವಿ ಶಶಿಕಿರಣನಿಗೆ ಅವ್ವನ ಆಶೀರ್ವಾದಗಳು.

ನನ್ನ ಮಂಡಿನೋವು ಇದ್ದದ್ದೇ, ಉಳಿದಂತೆ ಚೆನ್ನಾಗಿದ್ದೇನೆ. ಚನ್ನರಾಯಪಟ್ಟಣದಲ್ಲಿ ನಿನ್ನ ಊಟ, ನಿದ್ದೆ ನೆಟ್ಟಗಿದೆಯೆಂದು ನಂಬಿದ್ದೇನೆ. ಹಾಸನದ ಕೋರ್ಟಿನ ಆದೇಶ ಬಂದು ಮೂರು ವಾರವಾಯಿತು. ಅಂದಿನಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಮೊದಲೇ ಬರೆಯಬೇಕಿತ್ತು. ಎರಡು ಸಲ ಬರೆದು ಹರಿದೆ, ತಡವಾಯಿತು. ಬೇಸರಿಸಬೇಡ.

ಅಂದು ಕೋರ್ಟಿನ ಮೆಟ್ಟಿಲ ಮೇಲೆ ನೀನು, "ಹೆತ್ತ ಮಗನ ಮೇಲೇ ಸಾಕ್ಷಿ ಹೇಳ್ಬುಟ್ಟಲ್ಲವ್ವಾ" ಎಂದು ಹೊರಟುಹೋದೆ. ಹೌದು, ಹೇಳಿದೆ. ಏನು ಹೇಳಿದೆ, ಯಾಕೆ ಹೇಳಿದೆ ಎಂಬುದನ್ನು ನನ್ನಿಂದಲೇ ತಿಳಿ.

ನೀನೂ ಮಾನಸಾಳೂ ಬೇರೆಯಾದ ಮೇಲೆ ಪ್ರತಿ ಭಾನುವಾರ ಅವಳು ಅರಕಲಗೂಡಿನಿಂದ ನಿಧಿಯನ್ನು ಬಸ್ಸಿನಲ್ಲಿ ಕರೆತಂದು ನನ್ನ ಬಾಗಿಲಲ್ಲಿ ಬಿಟ್ಟು ಹೋಗುತ್ತಿದ್ದಳು. ನೀನೂ ಇಲ್ಲಿಗೆ ಬರುತ್ತಿದ್ದೆ, ಸಂಜೆಯವರೆಗೆ ಮಗಳು ನಿನ್ನವಳು. ನೀನು ಅವಳಿಗೆ ಹೊಡೆದವನಲ್ಲ, ಗದರಿದವನೂ ಅಲ್ಲ. ಅದನ್ನೂ ಹೇಳಿದ್ದೇನೆ. ಆದರೆ ದೋಸೆ ತಿನ್ನಿಸುತ್ತಾ, "ನಿಮ್ಮಮ್ಮ ಇನ್ನೊಂದು ಮದ್ವೆ ಆಯ್ತಾಳೆ, ನಿನ್ನ ಹಾಸ್ಟೆಲಿಗೆ ಹಾಕ್ಬುಡ್ತಾಳೆ" ಅನ್ನುತ್ತಿದ್ದೆಯಲ್ಲ? ಫೋನ್ ಹಿಡಿದು, "ಅಮ್ಮ ಬ್ಯಾಡ ಅಂತ ಹೇಳು ಮಗಳೇ" ಎಂದು ವಿಡಿಯೋ ಮಾಡುತ್ತಿದ್ದೆಯಲ್ಲ? ಎರಡು ಸಲ ಅಡುಗೆಮನೆಯಿಂದ ಬಂದು ತಡೆದೆ. "ನಿಂಗೆ ಗೊತ್ತಾಗಲ್ಲ, ಸುಮ್ಕಿರವ್ವಾ" ಅಂದವನು ನೀನು.

ಎಂಟು ವರ್ಷದ ಮಗು ಶನಿವಾರ ಬಂತೆಂದರೆ ಊಟ ಬಿಡತೊಡಗಿತು. ಕೂತಲ್ಲೇ ರೆಪ್ಪೆಗೂದಲು ಕಿತ್ತುಕೊಳ್ಳತೊಡಗಿತು. ಒಂದು ಭಾನುವಾರ ನನ್ನ ಪಕ್ಕ ಕೂತು, "ಅಜ್ಜಿ, ಹಾಸ್ಟೆಲಿಗೆ ಟವಲ್ ಅವರೇ ಕೊಡ್ತಾರಾ?" ಎಂದು ಕೇಳಿತು. ಬ್ಯಾಗು ತೆಗೆದು ನೋಡಿದೆ. ಎರಡು ಫ್ರಾಕು, ಬ್ರಷ್ಷು, ಅಮ್ಮನದೊಂದು ಕರ್ಚೀಫು. ವಾರಗಟ್ಟಲೆಯಿಂದ ಹೊತ್ತು ತಿರುಗುತ್ತಿತ್ತಂತೆ.

ಇದನ್ನೆಲ್ಲ ಹೇಳಿದಾಗ ನ್ಯಾಯಾಧೀಶರು, "ಇದರಿಂದ ನಿಮ್ಮ ಮಗನಿಗೆ ತೊಂದರೆ ಆಗುತ್ತೆ, ಗೊತ್ತಲ್ವಾಮ್ಮ?" ಅಂದರು. "ಗೊತ್ತು ಸಾ. ಆ ಬ್ಯಾಗ ನಾನೇ ನೋಡಿವ್ನಿ" ಅಂದೆ. ಅಷ್ಟೇ.

ಆದೇಶದಂತೆ ನಿಧಿ ಮನೆಗೆ ಬರುವುದು ನಿಂತಿತು. ನನ್ನ ಭಾನುವಾರಗಳೂ ಹೋದವು ಕಣೋ. ಇನ್ನು ತಿಂಗಳ ಮೊದಲ ಮತ್ತು ಮೂರನೇ ಶನಿವಾರ, ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಆಪ್ತಸಮಾಲೋಚಕಿ ಪ್ರತಿಭಾ ಅವರ ಎದುರು ನಿನಗೂ ಮಗಳಿಗೂ ಎರಡು ಗಂಟೆ ಹೊತ್ತು. ಆರು ತಿಂಗಳಾದ ಮೇಲೆ ಆದೇಶವನ್ನು ಮತ್ತೆ ನೋಡುತ್ತಾರಂತೆ.

ಕಳೆದ ಶನಿವಾರ ನೀನು ಬರಲಿಲ್ಲ. ನಾನು ಹೋಗಿದ್ದೆ. ನಿಧಿ ಕೇರಂ ಬೋರ್ಡಿಗೆ ಪೌಡರ್ ಹಾಕಿ, ಕಾಯಿ ಜೋಡಿಸಿ ಕಾದಳು. "ಅಪ್ಪಂಗೆ ನನ್ ಮೇಲೆ ಕೋಪಾನಾ?" ಅಂದಳು. ಬಸ್ಸು ಸಿಗಲಿಲ್ಲವಂತೆ ಎಂದು ಸುಳ್ಳು ಹೇಳಿದೆ. ಇಪ್ಪತ್ತನೇ ತಾರೀಕು ಬಾ. ಅಮ್ಮನ ಮಾತು ಎತ್ತಬೇಡ. ಮಗಳೊಡನೆ ಆಟವಾಡು, ಸಾಕು.

ಆ ಶಿವ ನಿನ್ನ ಮನಸ್ಸನ್ನು ತಣ್ಣಗಿಡಲಿ.

ನಿನ್ನ ಅವ್ವ,
ನೀಲಾಂಬಿಕೆ

ತಾ.ಕ.: ನಿನಗೆ ಏಳು ವರ್ಷವಿದ್ದಾಗ ನಿಮ್ಮಪ್ಪನೊಡನೆ ಜಗಳವಾಗಿ ನಾನು ಗೊರೂರಿನ ತವರಿನಲ್ಲಿ ನಲವತ್ತು ದಿನ ಇದ್ದೆ. ನೀನು ಬೇಡವಾಗಿ ಬಿಟ್ಟುಹೋದಳೆಂದು ಅವರು ನಿನಗೆ ಹೇಳಿದ್ದರು. ಎರಡು ಸಲ ನಿನ್ನನ್ನು ಕರೆದೊಯ್ಯಲು ಬಂದೆ. ಬಾಗಿಲಿನಿಂದಲೇ ಕಳಿಸಿದರು. ಮನೆಗೆ ಮರಳಿದ ಮೇಲೂ ನೀನು ಎಷ್ಟೋ ದಿನ ನನ್ನ ಕೈತುತ್ತು ತಿನ್ನಲಿಲ್ಲ. ನಿನ್ನ ಕಣ್ಣಲ್ಲಿ ಅವರು ಸಣ್ಣವರಾದಾರೆಂದು ನಿಜ ಹೇಳದೆ ಇದ್ದುಬಿಟ್ಟೆ. ಅದು ನನ್ನ ತಪ್ಪು. ಈಗಲಾದರೂ ಕೇಳು: ನಾನು ನಿನ್ನನ್ನು ಬಿಟ್ಟುಹೋಗಿರಲಿಲ್ಲ, ಮಗನೇ.