ಬಡಗಿಯ ಫಾರಂ

ತಮ್ಮಾ,

ನೀನು ಜೈಲಿನಲ್ಲೇ ತೀರಿಕೊಂಡ ಮೇಲೆ ನಾನು ಹಿಡಿದ ಕೆಲಸ ಇವತ್ತಿಗೆ ಮುಗಿಯಿತು. ಕೋರ್ಟು ನಿಗಾ ಇಟ್ಟು ಪ್ರೊಬೇಷನ್ ಮೇಲೆ ಜೈಲಿನಿಂದ ಹೊರಗೆ ಬಿಟ್ಟವರು ಉಳಿದುಕೊಳ್ಳುವ ಮನೆಗೆ ವಾರ್ಡನ್ ಆಗಿದ್ದೆ. ಸರ್ಕಾರ ಅನುದಾನ ನಿಲ್ಲಿಸಿತು. ನಿಲ್ಲಿಸಿದವರ ಮುಖ ಕಂಡಿದ್ದರೆ ಬೈದಾದರೂ ಬಿಡುತ್ತಿದ್ದೆ. ಬಂದದ್ದು ಬರೀ ಕಾಗದ.

ಸಂಜೆಯೊಳಗೆ ಒಂಬತ್ತು ಜನಕ್ಕೂ ಬೇರೆ ವಿಳಾಸ ಬೇಕಿತ್ತು, ಇಲ್ಲದವನು ಜೈಲಿಗೆ ವಾಪಸ್. ಮನೆಯವರು ಇಟ್ಟುಕೊಳ್ಳಲು ಒಪ್ಪುತ್ತಾರಾ ಎಂದು ಬರೆದುಕೊಳ್ಳುವ ಫಾರಂ ಹಿಡಿದು ಎಲ್ಲರ ಮನೆಗೂ ಫೋನ್ ಮಾಡಿದೆ. ಎಂಟು ಜನಕ್ಕೆ ಹೇಗೋ ಒಂದೊಂದು ಮೂಲೆ ಸಿಕ್ಕಿತು. ಒಂಬತ್ತನೆಯವನು ಬಡಗಿ. ಅವನ ಅಕ್ಕ ಮಾತ್ರ, "ಮಕ್ಕಳಿರೋ ಮನೆ ಮೇಡಂ, ತಪ್ಪು ತಿಳ್ಕೋಬೇಡಿ" ಅಂದಳು. ಅವನ ಫಾರಂನಲ್ಲಿ ವಿಳಾಸದ ಜಾಗ ಖಾಲಿ ಬಿಟ್ಟೆ.

ಬಡಗಿ ಸಡಿಲವಾಗಿದ್ದ ಕಿಟಕಿಯ ತಿರುಪು ಬಿಗಿ ಮಾಡುತ್ತಿದ್ದ.

"ನಾಳೆಯಿಂದ ಇಲ್ಲಿ ಯಾರೂ ಇರಲ್ವಲ್ಲೋ" ಅಂದೆ.

"ಗಾಳಿಗೆ ಬಡ್ಕೊಳ್ಳುತ್ತೆ ಮೇಡಂ" ಅಂದ. ಆಮೇಲೆ ತಲೆ ಎತ್ತದೆಯೇ ಕೇಳಿದ, "ನಮ್ಮಕ್ಕ ಏನಂದ್ಲು?"

"ಫೋನ್ ಎತ್ತಲಿಲ್ಲ ಕಣೋ."

"ಕೆಲಸದಲ್ಲಿರ್ತಾಳೆ" ಅಂದ. ಐದು ಗಂಟೆಗೆ ಪೊಲೀಸ್ ಜೀಪು ಬಂದು ಅವನನ್ನು ಕರೆದುಕೊಂಡು ಹೋಯಿತು.

ಹನ್ನೊಂದು ವರ್ಷದ ಹಿಂದೆ ನಿನ್ನ ಫಾರಂ ಹಿಡಿದು ಬಂದಿದ್ದ ಅಧಿಕಾರಿಯನ್ನು ನಾನು ಬಾಗಿಲಿನಿಂದಲೇ ಕಳಿಸಿದ್ದೆ. ಅವರು ಜೈಲಿಗೆ ವಾಪಸ್ ಹೋಗಿ ನಿನಗೆ ಏನು ಹೇಳಿದರೋ ಗೊತ್ತಿಲ್ಲ. ಅಕ್ಕ ಮನೆಯಲ್ಲಿರಲಿಲ್ಲ ಎಂದಿದ್ದರೆ ಸಾಕು.