ಎಡೆಯ ಮುಂದೆ ಇಟ್ಟ ನಕ್ಷತ್ರ

ಅಕ್ಕಾ,

ಈ ಕಾಗದ ನೀನು ಓದುತ್ತೀಯೋ ಇಲ್ಲವೋ ಅಂತ ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಕೊನೆಗೆ, ಬರೆದರೆ ನನ್ನ ಗಂಟೇನು ಹೋಗುತ್ತೆ ಅಂತ ಅಂಗಡಿಯಲ್ಲೇ ಕೂತು ಶುರು ಮಾಡಿದ್ದೀನಿ. ನಿಜ ಹೇಳಲಾ? ನೀನು ಓದುತ್ತೀಯ ಅಂತಲೇ ನನಗೆ ಅನುಮಾನ. ಅದೇ ನನಗೆ ಹೆದರಿಕೆ.

ಮಾಗಡಿ ಬಸ್‌ಸ್ಟ್ಯಾಂಡಿನ ಎದುರಿನ ಈ ಜೆರಾಕ್ಸ್ ಅಂಗಡಿಗೆ ನೀನು ಆ ಗ್ರಾಫ್ ತಂದ ಸಾಯಂಕಾಲ ನೆನಪಿದೆಯಾ? ರಾಮನಗರದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ. ಪಹಣಿಗೆ ಕಾಯುತ್ತಿದ್ದವರನ್ನೆಲ್ಲ ಒತ್ತರಿಸಿಕೊಂಡು ಬಂದು ಲ್ಯಾಪ್‌ಟಾಪ್ ಬಿಚ್ಚಿ ನನ್ನ ಮೂಗಿಗೆ ಹಿಡಿದೆ. ಬಾಹ್ಯಾಕಾಶದಲ್ಲಿರುವ ದೂರದರ್ಶಕ ಒಂದು ನಕ್ಷತ್ರವನ್ನೇ ದಿಟ್ಟಿಸಿ ಅದರ ಬೆಳಕನ್ನು ಅಳೆದು ಕಳಿಸಿದ ಚುಕ್ಕೆಗಳ ಸಾಲು ಅದು. ನಡುವೆ ಒಂದು ಕಡೆ ಸಾಲು ಸಣ್ಣಗೆ ಕುಸಿದಿತ್ತು. ಇದೇನಕ್ಕಾ, ನಮ್ಮೂರ ರಸ್ತೆ ಥರ ಗುಂಡಿ ಬಿದ್ದಿದೆಯಲ್ಲ ಅಂದೆ. ನೀನು ನನ್ನ ತಲೆಗೆ ಒಂದು ಮೊಟಕಿ, ಆ ನಕ್ಷತ್ರದ ಮುಂದೆ ಅದರ ಗ್ರಹವೊಂದು ಹಾದುಹೋಗಿದೆ ಅಂದೆ. ಹಾಗಾದರೆ ಗ್ರಹ ಎಲ್ಲಿ, ತೋರಿಸು ಅಂದೆ ನಾನು.

"ಅದು ಕಾಣಾಕಿಲ್ಲ ಕಣ್ಲಾ. ಬೆಳಕು ಒಸಿ ಕಮ್ಮಿ ಆಯ್ತದಲ್ಲ, ಆಗ ಅಲ್ಲೇನೋ ಐತೆ ಅಂತ ಗೊತ್ತಾಯ್ತದೆ. ಅಷ್ಟೇಯ."

ಆವತ್ತು ನಾನು ನಕ್ಕುಬಿಟ್ಟಿದ್ದೆ. ಈಗ ಆ ಮಾತು ನೆನಪಾದರೆ ಬೆನ್ನ ಮೇಲೆ ಯಾರೋ ತಣ್ಣನೆ ಕೈ ಇಟ್ಟ ಹಾಗಾಗುತ್ತೆ.

ಭಾನುವಾರ ಬಂತೆಂದರೆ ನಮಗಿಬ್ಬರಿಗೂ ಅದೇ ಕೆಲಸವಾಗಿ ಹೋಯಿತು. ಬೆಂಗಳೂರಿನ ನಿಮ್ಮ ಸಂಶೋಧನೆಯ ಗುಂಪಿನಲ್ಲಿ ಆ ನಕ್ಷತ್ರದ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ಒಂದೇ ಗುಂಡಿಯನ್ನು ಗ್ರಹ ಅನ್ನುವುದಕ್ಕಾಗುವುದಿಲ್ಲ, ಯಂತ್ರದ ತಪ್ಪೂ ಇರಬಹುದು, ಇನ್ನೊಂದು ಸಿಗದಿದ್ದರೆ ಇದನ್ನು ಕೈಬಿಡುತ್ತೇವೆ ಅಂತ ನಿಮ್ಮ ಮೇಡಂ ಹೇಳಿದ್ದರು. ನಿನಗೆ ಉರಿದುಹೋಗಿತ್ತು. ಅವರು ಕಂಪ್ಯೂಟರ್ ಹೇಳಿದ್ದನ್ನು ನೋಡುತ್ತಾರೆ, ನಾನು ನಕ್ಷತ್ರ ನೋಡುತ್ತೀನಿ ಅಂದೆ. ನನಗೂ ಚುಕ್ಕೆ ನೋಡುವುದು ಕಲಿಸಿದೆ. ಯಾವುದು ಗುಂಡಿ, ಯಾವುದು ಬರೀ ಚುಕ್ಕೆಗಳ ಗಲಾಟೆ ಅಂತ ನಾನು ತಪ್ಪು ಹೇಳಿದಾಗೆಲ್ಲ ದಡ್ಡ ಮುಂಡೇದೇ ಅಂತ ಬೈದು, ಸರಿ ಹೇಳಿದಾಗ ನನ್ನ ಟೀಯನ್ನೂ ನೀನೇ ಕುಡಿದುಬಿಡುತ್ತಿದ್ದೆ. ಇದು ಯಾವ ಸೀಮೆ ನ್ಯಾಯ ಅಂತ ನಾನು ಕೇಳಲೇ ಇಲ್ಲ.

ಆಮೇಲೆ ನೀನು ಕಾಯಿಲೆ ಬಿದ್ದೆ. ಆಸ್ಪತ್ರೆಯಲ್ಲಿ ನಾನು ನಿನ್ನ ಬಾಯಿಗೆ ನೀರು ಬಿಡುತ್ತಿದ್ದಾಗ, ಅವ್ವ ಹೊರಗೆ ಔಷಧಿಗೆ ಹೋಗಿದ್ದಾಗ, ನನ್ನ ಕೈ ಹಿಡಿದು ಒಂದು ಮಾತು ಅಂದೆ. "ಅದು ಗ್ರಹವೇ ಕಣೋ. ಬುಟ್ಬುಡಬ್ಯಾಡ." ಆಮೇಲೆ ನೀನು ನನ್ನ ಹತ್ತಿರ ಮಾತಾಡಲಿಲ್ಲ. ಜೆರಾಕ್ಸ್ ಹೊಡೆಯುವವನ ಕೈಗೆ ನಕ್ಷತ್ರ ಕೊಟ್ಟು ಹೋದರೆ ಅವನೇನು ಮಾಡಬೇಕು ಹೇಳು? ತಿಂಗಳುಗಟ್ಟಲೆ ನೋಡಿದೆ. ಎರಡನೇ ಗುಂಡಿ ಸಿಗಲಿಲ್ಲ. ಮೇಡಂ ಫೋನ್ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ, ಇನ್ನು ಅದನ್ನು ಬಿಡುತ್ತಿದ್ದೇವೆ ಅಂತ ಮೆತ್ತಗೆ ಹೇಳಿದರು. ಫೋನ್ ಇಟ್ಟು ಅತ್ತುಬಿಟ್ಟೆ, ಅಕ್ಕಾ. ನೀನು ಸತ್ತಾಗ ಬರದ ಅಳು ಆವತ್ತು ಬಂತು.

ಹಿರಿಯರ ಹಬ್ಬ ಬಂದದ್ದು ಆ ವಾರದಲ್ಲೇ. ಅಪ್ಪನ ಫೋಟೋ ಪಕ್ಕ ಆ ಸಲ ನಿನ್ನದೂ ಇತ್ತು. ಎಡೆಯಲ್ಲಿ ಅಪ್ಪನಿಗೆ ಬೀಡಿ ಕಟ್ಟು, ಪಂಚೆ. ನಿನಗೆ ಹೊಸ ಸೀರೆ, ಒಬ್ಬಟ್ಟು, ಅವರೆಕಾಳಿನ ಸಾರು. ಎಲ್ಲ ಬಡಿಸಿದ ಮೇಲೆ ಅವ್ವ ನನ್ನ ಮುಖ ನೋಡಿ, ಅವಳ ಲ್ಯಾಪ್‌ಟಾಪ್ ಎಲ್ಲಿ ಅಂದಳು. ತಂದಿಟ್ಟೆ. ಮುಚ್ಚಿಟ್ಟರೆ ಅವಳೇನು ನೋಡುತ್ತಾಳೆ, ತೆಗೆದಿಡು ಅಂದಳು. ನನಗೆ ಸಿಟ್ಟು ಬಂತು. ಆದರೂ ತೆಗೆದು, ನಿನ್ನ ನಕ್ಷತ್ರದ ಗ್ರಾಫ್ ಹಾಕಿ, ಚಾರ್ಜರ್ ಸಿಕ್ಕಿಸಿದೆ. ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಂದಕ್ಕೆಳೆದು, ಎಲ್ಲರೂ ಹೊರಗೆ ಜಗಲಿ ಮೇಲೆ ಕೂತೆವು.

ಬಿಸಿಲು ಇನ್ನೂ ಇಳಿದಿರಲಿಲ್ಲ. ಎದುರು ಮನೆಯ ಹಸು ಮೆಲುಕು ಹಾಕುತ್ತಿತ್ತು. ಚಿಕ್ಕವ್ವ ಯಾರದೋ ಮದುವೆ ವಿಷಯ ಹೇಳುತ್ತಿದ್ದಳು. ಆಗ ಒಳಗಿಂದ ಟಕ್ ಅಂತ ಸದ್ದಾಯಿತು. ಸ್ವಲ್ಪ ಬಿಟ್ಟು ಟಕ್, ಟಕ್. ಚಿಕ್ಕವ್ವನ ಮಾತು ಅರ್ಧಕ್ಕೇ ನಿಂತಿತು. ಅದು ಯಾವ ಸದ್ದು ಅಂತ ನಮಗೆಲ್ಲರಿಗೂ ಗೊತ್ತಿತ್ತು, ಅಲ್ಲವಾ? ಎಷ್ಟು ವರ್ಷ ನಿನ್ನ ಲ್ಯಾಪ್‌ಟಾಪ್ ಕೀಲಿಗಳ ಸದ್ದು ಕೇಳುತ್ತ ಮಲಗಿದವರು ನಾವು. ಅವ್ವ ಸೆರಗು ತಲೆಗೆ ಹೊದ್ದುಕೊಂಡಳು.

ನಾನು ಎದ್ದೆ. ಒಳಗೆ ಹೋಗುವ ಮೊದಲು ಬಾಗಿಲು ತಟ್ಟಬೇಕು, ಕೆಮ್ಮಬೇಕು, ಬಂದವರಿಗೆ ಎದ್ದು ಹೋಗುವುದಕ್ಕೆ ಪುರುಸೊತ್ತು ಕೊಡಬೇಕು. ಹುಟ್ಟಿದಾಗಿನಿಂದ ನೋಡಿದ್ದೀನಿ. ಆದರೆ ಒಳಗೆ ಇಲಿ ಲ್ಯಾಪ್‌ಟಾಪ್ ಹಾಳು ಮಾಡುತ್ತಿದೆ ಅನ್ನುವ ಅವಸರ. ದಡಾರನೆ ತಳ್ಳಿಬಿಟ್ಟೆ. ಧೂಪದ ಹೊಗೆ ಬಾಗಿಲ ಕಡೆಗೆ ಬರಬೇಕಿತ್ತು, ಅದು ಒಳಮುಖವಾಗಿ ಸರಿಯಿತು. ಒಬ್ಬಟ್ಟಿನ ಒಂದು ಅಂಚು ಮುರಿದಿತ್ತು. ಹಿಂದಿನಿಂದ ಅವ್ವನ ದನಿ ಬಂತು.

"ತಟ್ಟದೇ ಹೋಗ್ಬುಟ್ಯಲ್ಲೋ... ಅವ್ಳಿನ್ನೂ ಉಣ್ತಿದ್ಲು ಕಣೋ."

ಪರದೆಯಲ್ಲಿ ನಾನು ಹಾಕಿಟ್ಟ ಗ್ರಾಫ್ ಇರಲಿಲ್ಲ. ಅದೇ ನಕ್ಷತ್ರ, ಆದರೆ ಎರಡು ವರ್ಷದ ಹಿಂದಿನ ಅಳತೆಯ ತುಂಡು. ಭೂಮಿಯ ಬೆಳಕು ದೂರದರ್ಶಕದ ಕಣ್ಣಿಗೆ ಬಿದ್ದು ಕೆಟ್ಟುಹೋಗಿದೆ ಅಂತ ಕಂಪ್ಯೂಟರೇ ಮುಚ್ಚಿಟ್ಟ ಚುಕ್ಕೆಗಳು, ಯಾರೂ ಬಿಚ್ಚಿ ನೋಡದ ಚುಕ್ಕೆಗಳು, ಕೆಂಪಗೆ ಹರಡಿಕೊಂಡಿದ್ದವು. ನಾನು ಸುಮ್ಮನೆ ಮುಚ್ಚುವವನಿದ್ದೆ. ಅಷ್ಟರಲ್ಲಿ ಆ ಗಲಾಟೆಯ ಒಳಗೆ ಒಂದು ಕುಸಿತ ಕಂಡಿತು. ಮೊದಲನೆಯದರಷ್ಟೇ ಅಗಲ, ಅಷ್ಟೇ ಆಳ. ಎಡೆಯ ಮುಂದೆಯೇ ಕೂತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಇಲಿ ತುಳಿದಿರಬಹುದು. ತುಳಿದರೆ ತುಂಡು ಬದಲಾಗುತ್ತೆ, ಮುಚ್ಚಿಟ್ಟ ಚುಕ್ಕೆಯೂ ತೆರೆದುಕೊಳ್ಳುತ್ತೆ, ಅದಕ್ಕೆಲ್ಲ ಒಂದೊಂದು ಕೀಲಿ ಇದೆ. ನಾನು ಮೂಢ ಅಲ್ಲ. ಮಾರನೇ ದಿನವೇ ಬೋನು ತಂದಿಟ್ಟೆ, ಒಳಗೆ ಕೊಬ್ಬರಿ ಚೂರು. ವಾರವಾದರೂ ಇಲಿ ಬೀಳಲಿಲ್ಲ. ಕೊಬ್ಬರಿ ಮಾತ್ರ ಎರಡು ಸಲ ಇರಲಿಲ್ಲ. ಅವ್ವ ತೆಗೆದಿರಬೇಕು ಅಂದುಕೊಂಡಿದ್ದೀನಿ. ಅವಳನ್ನು ಕೇಳಿಲ್ಲ, ಇಲ್ಲ ಅಂದುಬಿಟ್ಟರೆ?

ಮೇಡಂಗೆ ಗ್ರಾಫ್ ಕಳಿಸಿದಾಗ ಅರ್ಧ ದಿನ ಅವರ ಸದ್ದೇ ಇಲ್ಲ. ಆಮೇಲೆ ಫೋನ್ ಮಾಡಿ, ಬಿಸಾಡಿದ ಚುಕ್ಕೆಗಳಲ್ಲಿ ನೋಡಬೇಕು ಅಂತ ನಿಮಗೆ ಹೇಗೆ ಹೊಳೆಯಿತು ಅಂತ ಕೇಳಿದರು. ಕಣ್ಣಿಗೆ ಬಿತ್ತು ಅಂದೆ. ಇನ್ನೇನು ಹೇಳಲಿ? ಗುಂಡಿ ಎರಡಾದ್ದರಿಂದ ಮೂರನೆಯದು ಯಾವಾಗ ಬೀಳಬಹುದು ಅಂತ ಅವರು ಲೆಕ್ಕ ಹಾಕಿದರು. ದೂರದರ್ಶಕ ಆಕಾಶದ ಆ ಭಾಗಕ್ಕೆ ಮತ್ತೆ ತಿರುಗುವವರೆಗೆ ಕಾಯಬೇಕಿತ್ತು.

ಅಲ್ಲಿಯವರೆಗೆ ನಮ್ಮ ಮನೆ ಹೇಗಿತ್ತು ಅಂತ ನಿನಗೆ ಗೊತ್ತಿರಬೇಕು. ಅವ್ವ ಎಡೆ ಇಟ್ಟಿದ್ದ ಕೋಣೆಯ ಬಾಗಿಲು ಹಾಕಲು ಬಿಡಲಿಲ್ಲ. ಅರ್ಧ ಊಟದಲ್ಲಿ ಎಬ್ಬಿಸಿದ ಹುಡುಗಿ ಎಲ್ಲಿಗೆ ಹೋದಾಳು ಅಂತ ನನ್ನನ್ನೇ ಕೇಳುತ್ತಿದ್ದಳು. ಮಧ್ಯಾಹ್ನ ನಾನು ಊಟಕ್ಕೆ ಬಂದರೆ ಅವಳು ಆ ಕಡೆ ಮುಖ ಮಾಡಿ ಮೆಲ್ಲಗೆ ಮಾತಾಡುತ್ತಿರುತ್ತಿದ್ದಳು, ನನ್ನ ಹೆಜ್ಜೆ ಕೇಳಿದ ಕೂಡಲೇ ನಿಲ್ಲಿಸುತ್ತಿದ್ದಳು. ಬೇಸಿಗೆಯ ನಡು ಮಧ್ಯಾಹ್ನ ಆ ಕೋಣೆ ಮಾತ್ರ ತಣ್ಣಗಿರುತ್ತಿತ್ತು. ಆಮೇಲೆ ಅವಳು ಅಳುತ್ತಿದ್ದಳು. ನಾನು ಬೈದು, ಓಲೈಸಿ, ಏನೇನೋ ಮಾಡಿ ಸಮಾಧಾನ ಮಾಡುತ್ತಿದ್ದೆ.

ಹೋದ ತಿಂಗಳು ಮೇಡಂ ಫೋನ್ ಬಂತು. ಇದೇ ನಿನಗೆ ಹೇಳಬೇಕಾಗಿದ್ದ ಸುದ್ದಿ, ಅಕ್ಕಾ. ಮೂರನೆಯದು ಬಂತು. ಲೆಕ್ಕ ಹಾಕಿದ ದಿನವೇ, ಅದೇ ಆಳ. ಯಂತ್ರದ ತಪ್ಪಲ್ಲ. ಇನ್ನು ನೆಲದ ಮೇಲಿನ ದೂರದರ್ಶಕಗಳಿಂದಲೂ ನೋಡಿಯೇ ಗ್ರಹ ಅಂತ ಸಾರುತ್ತಾರಂತೆ, ಆದರೆ ಮೇಡಂಗೆ ಈಗ ಅನುಮಾನ ಉಳಿದಿಲ್ಲ. ಅವರು ಬರೆಯುತ್ತಿರುವ ಲೇಖನದಲ್ಲಿ ಮೊದಲ ಹೆಸರು ನಿನ್ನದು. ನೀನೇ ಸರಿ. ಕೇಳಿಸಿತಾ? ನೀನೇ ಸರಿ.

ಆ ನಕ್ಷತ್ರದ ಬೆಳಕು ನಮ್ಮ ಹತ್ತಿರ ಬರಲು ಎಷ್ಟು ಕಾಲ ಬೇಕು ಅಂತ ಮೇಡಂ ಹೇಳಿದಾಗ ಬೆರಳು ಮಡಿಸಿ ಲೆಕ್ಕ ಹಾಕಿದೆ. ನಾವು ಈಗ ನೋಡಿದ ಆ ನೆರಳು ಬಿದ್ದದ್ದು ಅವ್ವನ ಅವ್ವ, ನಮ್ಮ ಅಜ್ಜಿ, ತೊಟ್ಟಿಲಲ್ಲಿದ್ದಾಗ. ನಿನ್ನನ್ನು ಮಣ್ಣು ಮಾಡಿದ ದಿನ ಆ ಬೆಳಕು ಆಗಲೇ ಹೆಚ್ಚುಕಮ್ಮಿ ದಾರಿಯನ್ನೆಲ್ಲ ಸವೆಸಿ ನಮ್ಮ ಕಡೆಗೇ ಬರುತ್ತಿತ್ತು. ಇನ್ನೊಂದಿಷ್ಟು ದಿನ ನೀನು ತಡೆದಿದ್ದರೆ...

ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಕಾಳು ಬಿಡಿಸುತ್ತ ಕೇಳಿದಳು. ಅಲ್ಲಿ ಯಾರಾದರೂ ಕೂತು ನಮ್ಮನ್ನು ನೋಡಿದರೆ ಏನು ಕಾಣುತ್ತೆ ಅಂದಳು. ನೋಡುವ ಶಕ್ತಿ ಇದ್ದರೆ ನಿಮ್ಮವ್ವ ತೊಟ್ಟಿಲಲ್ಲಿ ಮಲಗಿರುವುದು ಕಾಣುತ್ತೆ, ನೀನೂ ಹುಟ್ಟಿಲ್ಲ, ಅಕ್ಕನೂ ಹುಟ್ಟಿಲ್ಲ ಅಂದೆ. ಅವಳು ಕಾಳಿನ ಮೊರ ಪಕ್ಕಕ್ಕಿಟ್ಟಳು. ಆ ಕೋಣೆಯ ಕಡೆ ನೋಡಿದಳು.

"ಹಂಗಾದ್ರೆ ಅಲ್ಲಿಗೆ ನಮ್ ಮಂಜುಳ ಇನ್ನೂ ಬರ್ಬೇಕು."

ಹಾಗಲ್ಲ ಅವ್ವ ಅನ್ನುವುದಕ್ಕೆ ಬಾಯಿ ತೆರೆದೆ. ಹಾಗಲ್ಲ ಅಂತ ಹೇಗೆ ಹೇಳಲಿ, ನೀನೇ ಹೇಳು? ಆವತ್ತಿನಿಂದ ಅವಳು ಅಳುವುದು ಬಿಟ್ಟಿದ್ದಾಳೆ. ಆ ಕಡೆ ಮುಖ ಮಾಡಿ ಮಾತಾಡುವುದನ್ನೂ ಬಿಟ್ಟಿದ್ದಾಳೆ. ಕೆಲಸವೆಲ್ಲ ಮುಗಿಸಿ, ತಲೆ ಬಾಚಿಕೊಂಡು, ಮುಖದಲ್ಲಿ ಒಂದು ಥರ ಸಂತೋಷ ಇಟ್ಟುಕೊಂಡು, ಜಗಲಿ ಮೇಲೆ ಕೂತು ನಿನ್ನ ದಾರಿ ಕಾಯುತ್ತಾಳೆ. ಅಳುವವಳನ್ನು ಸಮಾಧಾನ ಮಾಡುವುದು ನನಗೆ ಗೊತ್ತಿತ್ತು, ಅಕ್ಕಾ.

ನಿನ್ನ ತಮ್ಮ,
ಪುಟ್ಟರಾಜು